ಪಿಕ್ಕಾಸಿಗೆ ಸಿಕ್ಕಿದ ಹೆಡೆ

ಫೋಟೋಕ್ಕೆ ಒಂದು ಗುಂಡಿ ಕಡಿಮೆ ಬಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಕಾಪುವಿನ ಒಳರಸ್ತೆಯ ಶಾಲೆಯಲ್ಲಿ ಯುವಕ ಸಂಘದ ವನಮಹೋತ್ಸವ. ಅಧ್ಯಕ್ಷ ಗುರುಪ್ರಸಾದರು ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಜಗಲಿಯ ಮೇಲೆ ನಿಂತಿದ್ದರು. ಸಸಿ ತಂದಿಳಿಸಿದ ರಿಕ್ಷಾದ ವಿಠಲನಿಗೆ, "ಧ್ವಜಕಟ್ಟೆಯ ಹತ್ತಿರ ಒಂದು ಗುಂಡಿ ತೋಡು ಮಾರಾಯ, ಫೋಟೋ ಚಂದ ಬರ್ತದೆ" ಎಂದರು. ಭಾಷಣ ಮಾಡುವವರು ಬೇಕಾದಷ್ಟಿದ್ದರು. ಪಿಕ್ಕಾಸು ಮಾತ್ರ ಒಂದೇ.

ನಾಲ್ಕು ಏಟು ಹಾಕಿದ್ದಷ್ಟೆ, ಠಣ್ ಎಂದಿತು. ಕೆಸರಿನಡಿ ಕರಿಕಲ್ಲು. ಮೇಲ್ತುದಿ ಹೆಡೆಯ ಹಾಗೆ ಉರುಟು. ನಡುವೆ ಹೊಸ ಬಿರುಕು.

ಸಂಘದ ವಿಲ್ಫ್ರೆಡ್ ಬಗ್ಗಿ ನೋಡಿ, ಚಪ್ಪಲಿ ಕಳಚಿ ದೂರ ಇಟ್ಟ. "ನಾನು ಇಗರ್ಜಿಗೆ ಹೋಗುವವ. ಆದ್ರೂ ಎಂತಕ್ಕೆ ರಿಸ್ಕ್?"

"ನಾಗನ ಕಲ್ಲು!" ಪ್ರಭಾವತಿ ಟೀಚರ್ ಎದೆಗೆ ಕೈಯಿಟ್ಟರು. "ವಿಠಲ, ನಿನ್ನ ಹೆಂಡತಿ ಕುಶಲಾಗೆ ಈಗ ಎಷ್ಟು ತಿಂಗಳು?"

"ಏಳು, ಟೀಚರ್."

"ಅಯ್ಯೋ ದೇವರೇ! ನಾಗದೋಷ ಮೊದಲು ತಾಗುವುದೇ ಮಕ್ಕಳಿಗಲ್ವಾ!"

ವಿಠಲ ಪಿಕ್ಕಾಸನ್ನು ಮೆಲ್ಲ ಕೆಳಗಿಟ್ಟ. ಗಿಡ ನೆಡಲು ಬಂದವರೆಲ್ಲ ಗಿಡ ಬಿಟ್ಟು ಭಯ ನೆಡತೊಡಗಿದರು. ಒಬ್ಬ ತಂತ್ರಿಗಳಿಗೆ ಫೋನ್ ಮಾಡಿದ. ಇನ್ನೊಬ್ಬ ಪುಣ್ಯಾತ್ಮ ನೇರ ಕುಶಲಾಗೇ ಮಾಡಿಬಿಟ್ಟ. ಅರೆಗಳಿಗೆಯಲ್ಲಿ ವಿಠಲನ ಮೊಬೈಲ್ ಕೂಗಿತು.

"ನೀವು ಎಂತ ಮಾಡಿದ್ದು? ಮಗು ಬೆಳಿಗ್ಗೆಯಿಂದ ಒದೀಲೇ ಇಲ್ಲ!" ಕುಶಲಾ ಅಳುತ್ತಿದ್ದಳು.

ವಿಠಲ ಮೊಬೈಲ್ ಹಿಡಿದುಕೊಂಡೇ ಕೆಸರಿಗೆ ಅಡ್ಡಬಿದ್ದ. "ನಾಗದೇವರೇ, ತಪ್ಪಾಯ್ತು! ಮಗುವಿಗೆ ಎಂತದೂ ಮಾಡಬೇಡ. ಈ ಶಾಲೆಯಲ್ಲಿ ನೆಟ್ಟ ಗಿಡಕ್ಕೆಲ್ಲ ನಾನೇ ನೀರು ಹಾಕ್ತೇನೆ, ಸಾಯುವವರೆಗೆ!"

ಆಗಲೇ ಮಳೆ ಧೋ ಎಂದು ಸುರಿಯಿತು. ಎಲ್ಲರೂ ಜಗಲಿಗೆ ಓಡಿದರು. ವಿಠಲ ಏಳಲಿಲ್ಲ. ಅವನ ಮೂಗಿನ ಎದುರೇ ಕಲ್ಲಿನ ಕೆಸರು ತೊಳೆದುಹೋಗಿ ಅಕ್ಷರಗಳು ಎದ್ದವು:

'ವನಮಹೋತ್ಸವ. ಉದ್ಘಾಟನೆ: ಅಧ್ಯಕ್ಷರಾದ ಶ್ರೀ ಗುರುಪ್ರಸಾದ್.'

ಕಳೆದ ವರ್ಷದ ಕಲ್ಲು! ಅಂಗಳ ಸಮ ಮಾಡಿದ ಜೆಸಿಬಿ ಅದನ್ನೂ ಮಣ್ಣಿನಡಿ ಹಾಕಿತ್ತು. ಕಳೆದ ವರ್ಷದ ಗಿಡಗಳು ಎಲ್ಲಿದ್ದವೆಂದು ಯಾರಿಗೂ ನೆನಪಿರಲಿಲ್ಲ. ಬಿರುಕು ಸರಿಯಾಗಿ ಅಧ್ಯಕ್ಷರ ಹೆಸರಿನ ಮೇಲೆ ಹಾದುಹೋಗಿತ್ತು.

ವಿಲ್ಫ್ರೆಡ್ ಓಡಿ ಬಂದು ಓದಿ, ಚಪ್ಪಲಿ ಮೆಟ್ಟಿಕೊಂಡ. ವಿಠಲ ಅಳುತ್ತಲೇ ನಕ್ಕ. "ನಾಗ ಅಲ್ಲ! ಹಾಗಾದ್ರೆ ಹರಕೆಯೂ ಇಲ್ಲ, ಅಲ್ವಾ ಟೀಚರ್?"

ಮೊಬೈಲ್ ಇನ್ನೂ ಕಟ್ ಆಗಿರಲಿಲ್ಲ. "ರೀ, ಕೇಳ್ತದಾ?" ಕುಶಲಾ ಕಿರುಚಿದಳು. "ನೀವು ಹರಕೆ ಹೇಳಿದ ಕೂಡಲೇ ಮಗು ಒದೀತು! ಇನ್ನು ತಪ್ಪಿಸಿದ್ರೆ ನೋಡಿ!"

ಟೀಚರ್ ಕೈಮುಗಿದರು. "ಹರಕೆ ಹೇಳಿ ಆಯ್ತಲ್ಲ. ಇನ್ನು ಬಿಡ್ಲಿಕ್ಕುಂಟಾ?"

ಅಧ್ಯಕ್ಷರು ಕೊಡೆ ಬಿಡಿಸಿ ಇಳಿದು ಬಂದರು. ಬಿರುಕು ನೋಡಿದರು. ವಿಠಲನನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಇರಲಿ. ಈ ವರ್ಷದ ಕಲ್ಲು ಜೀಪಿನಲ್ಲುಂಟು. ಅದಕ್ಕೊಂದು ಗುಂಡಿ ತೋಡು."

ವಿಠಲ ಪಿಕ್ಕಾಸು ಎತ್ತಿದ. ಈ ಸಲ ವಿಲ್ಫ್ರೆಡ್ ಮೊದಲೇ ಚಪ್ಪಲಿ ಕಳಚಿಟ್ಟ.