ಬ್ರೇಕ್ ಮೇಷ್ಟ್ರ ಮೌನವ್ರತ

"ಇವತ್ತು ಸಾಯಂಕಾಲದವರೆಗೆ ನಾನು ಬಾಯಿ ಬಿಟ್ಟರೆ ಕೇಳು! ದೋಣಿ ನೀನು ನಡೆಸು, ನಾನು ಮಹಾರಾಜನ ಹಾಗೆ ಕೂತಿರ್ತೀನಿ."

ದಡದಲ್ಲಿ ನಿಂತು ಹೀಗೆ ಘೋಷಿಸಿದವರು ಬ್ರೇಕ್ ಮೇಷ್ಟ್ರು. ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಕಲಿಯುವವರ ಪಕ್ಕದಲ್ಲಿ ಕೂತು, ತಮ್ಮ ಕಾಲಡಿಯ ಎರಡನೇ ಬ್ರೇಕನ್ನು ಒತ್ತಿ ಒತ್ತಿ ಅರ್ಧ ಊರಿನ ಪ್ರಾಣ ಉಳಿಸಿದವರು ತಾವೇ ಎಂದು ಬಲವಾಗಿ ನಂಬಿದ್ದರು. ಅವರು ನಿವೃತ್ತರಾದರೂ ಕಾಲು ನಿವೃತ್ತವಾಗಿರಲಿಲ್ಲ. ಬಸ್ಸಿನಲ್ಲಿ ಒತ್ತುತ್ತಿದ್ದರು, ಲಿಫ್ಟಿನಲ್ಲಿ ಒತ್ತುತ್ತಿದ್ದರು, ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ ಒತ್ತಿದ್ದುಂಟು!

ಗಂಡ ಹೆಂಡತಿ ಸೇರಿ ಕೊಂಡ ಪುಟ್ಟ ಹಾಯಿದೋಣಿಯಲ್ಲಿ ಇದು ಮೊದಲ ರಜೆ. ಚುಕ್ಕಾಣಿ ಹಿಡಿಯುವ ಆಸೆ ಇಬ್ಬರಿಗೂ ಇತ್ತು.

"ಒಂದೇ ಒಂದು ಬುದ್ಧಿಮಾತು ಬಂದ್ರೂ ಚುಕ್ಕಾಣಿ ಖಾಯಂ ನಂದು. ಒಪ್ಪಿಗೇನಾ?" ಎಂದರು ಹೆಂಡತಿ.

"ಬರದಿದ್ರೆ ಖಾಯಂ ನಂದು!" ಎಂದು ಮೇಷ್ಟ್ರು ತುಟಿ ಹೊಲಿದುಕೊಂಡರು.

ದೋಣಿ ತೀರದುದ್ದಕ್ಕೂ ಹಾಯಾಗಿ ಸಾಗಿತು. ಆಗ ಎದುರಿಗೆ ಬಂತು ಮರಳದಿಬ್ಬ. ಹೆಂಡತಿ ಹಾಡು ಗುನುಗುತ್ತಾ ನೇರ ಅದರತ್ತಲೇ ಹೊರಟಿದ್ದರು. ಮೇಷ್ಟ್ರು ನಾಲಿಗೆಗೆ ಬೀಗ ಹಾಕಿದ್ದರೇ ಹೊರತು ಕಾಲಿಗೆ ಹಾಕಿರಲಿಲ್ಲ. ಬಲಗಾಲು ದಡ್ಡನೆ ಅಪ್ಪಳಿಸಿತು!

ಟಪ್! ದೋಣಿಯೊಳಗೆ ಸೇರಿದ ನೀರನ್ನು ದಡದಲ್ಲಿ ಹೊರಬಿಡಲು ತಳದಲ್ಲೊಂದು ತೂತು, ಅದಕ್ಕೊಂದು ರಬ್ಬರ್ ಬಿರಡೆ ಇತ್ತು. ಒದೆತದ ರಭಸಕ್ಕೆ ಬಿರಡೆ ಕಳಚಿ ಸಮುದ್ರ ಸೇರಿತು. ಅಂಗಾಲಿಗೆ ತಣ್ಣಗಾದ ಕೂಡಲೇ ಮೇಷ್ಟ್ರು ತೂತಿನ ಮೇಲೆ ಹಿಮ್ಮಡಿ ಊರಿದರು. ಅಷ್ಟರಲ್ಲಿ ಹೆಂಡತಿ ದಿಬ್ಬವನ್ನು ಸಲೀಸಾಗಿ ಬಳಸಿಕೊಂಡು ಮುಂದೆ ಹೋಗಿಯಾಗಿತ್ತು.

ಈಗ ಧರ್ಮಸಂಕಟ. ದೋಣಿ ತೂತಾಗಿದೆ ಎನ್ನುವುದು ಬುದ್ಧಿಮಾತೋ, ಬರೀ ಸಮಾಚಾರವೋ? ಯಾಕೆ ಬೇಕು ರಗಳೆ ಎಂದು ಸುಮ್ಮನಾದರು.

"ರೀ, ಹಾಯಿ ತಿರುಗಿಸ್ತೀನಿ, ಈ ಕಡೆ ಬಂದು ಕೂತ್ಕೊಳ್ಳಿ."

ಮೇಷ್ಟ್ರು ಮುಗುಳ್ನಕ್ಕರು. ಏಳಲಿಲ್ಲ.

"ಬನ್ನಿ ಅಂದೆ! ದೋಣಿ ವಾಲ್ತಿದೆ!"

ತಲೆಯಾಡಿಸಿದರು.

"ಬಾಯಿ ಮುಚ್ಚಿಸಿದ್ದಕ್ಕೆ ಸಿಟ್ಟಾ? ಈ ವಯಸ್ಸಲ್ಲಿ ಇಂಥಾ ಹಠಾನಾ!"

ವಾಲಿದ ದೋಣಿಯಲ್ಲಿ ಒತ್ತಿ ಒತ್ತಿ ಕಾಲಿನ ಮೀನಖಂಡ ಹಿಡಿದುಕೊಂಡಿತು. ಮೇಷ್ಟ್ರು ನೋವು ತಾಳಲಾರದೆ ಕಾಲೆತ್ತಿದರು. ಕಾರಂಜಿ ಚಿಮ್ಮಿತು!

ಹೆಂಡತಿ ಕಾರಂಜಿಯನ್ನು ನೋಡಿದರು, ಗಂಡನನ್ನು ನೋಡಿದರು. "ಯಾವಾಗಿಂದ?"

ಮೇಷ್ಟ್ರು ಮೌನವಾಗಿ ಹಿಂದಿನ ಮರಳದಿಬ್ಬದತ್ತ ಬೆರಳು ತೋರಿಸಿದರು. ಹೆಂಡತಿ ದೋಣಿ ತಿರುಗಿಸಿ, ತೊಟ್ಟಿಲಲ್ಲಿ ಮಗು ಮಲಗಿಸುವಷ್ಟು ಮೆತ್ತಗೆ ಅದೇ ದಿಬ್ಬಕ್ಕೆ ತಂದು ಹತ್ತಿಸಿದರು. ನೀರು ಮೊಣಕಾಲಿಗೆ ಬಂದರೂ ಮೇಷ್ಟ್ರ ವ್ರತ ಭಂಗವಾಗಿರಲಿಲ್ಲ. ಇನ್ನೇನು ಗೆದ್ದೆ ಎಂದುಕೊಂಡರು. ಹೆಂಡತಿ ಕರವಸ್ತ್ರ ಸುತ್ತಿ ತೂತಿಗೆ ತುರುಕತೊಡಗಿದರು.

"ಹಾಗಲ್ಲ ಕಣೇ, ಇನ್ನೊಂಚೂರು ಬಿಗಿಯಾಗಿ!"

ಅಷ್ಟೇ. ಚುಕ್ಕಾಣಿ ಹೋಯಿತು.

ಮರುದಿನ ಮೇಷ್ಟ್ರ ಹೊಸ ಜಾಗದಲ್ಲಿ, ಬೇರೆ ಬಿರಡೆ ಹಾಕಿದ್ದ ತೂತಿನಿಂದ ದೂರ, ಒಂದು ಮರದ ಪೆಡಲ್ ಕಾದಿತ್ತು. "ನಿಮ್ಮ ಬ್ರೇಕು. ಎಷ್ಟು ಬೇಕಾದ್ರೂ ಒತ್ತಿ, ಯಾವುದಕ್ಕೂ ಕನೆಕ್ಷನ್ ಇಲ್ಲ," ಎಂದರು ಹೆಂಡತಿ.

ಮೇಷ್ಟ್ರಿಗೆ ಅವಮಾನವಾಯಿತು. ಆದರೂ ಸಂಜೆ ದಡ ಹತ್ತಿರವಾದಾಗ ಜೀವ ಬಿಟ್ಟು ಒತ್ತಿದರು. ದೋಣಿ ಕಟ್ಟೆಗೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು.

"ಎಷ್ಟು ಚೆನ್ನಾಗಿ ನಿಲ್ಲಿಸಿದ್ರಿ ಅಮ್ಮಾ!" ಎಂದ, ದೋಣಿ ಕಟ್ಟಲು ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದವನು.

ಹೆಂಡತಿ ಗಂಡನತ್ತ ತಿರುಗಿ ನೋಡಿದರು. ಮೇಷ್ಟ್ರ ಕಾಲು ಇನ್ನೂ ಪೆಡಲ್ ಮೇಲೇ ಇತ್ತು.

"ನಂದೇನಿಲ್ಲಪ್ಪ, ಬ್ರೇಕ್ ಹಾಕಿದ್ದು ಅವರು. ರೀ, ನಿಂತಾಯ್ತು, ಇನ್ನು ಕಾಲು ತೆಗೀರಿ!"