ಅಳಿಯನ ಸೈಕಲ್, ಮಾವನ ಸಲಾಂ

ಪೇಟೆಗೆ ಹೋದವನು ಹೊತ್ತಿಗೆ ಸರಿಯಾಗಿ ಮರಳುವುದಿಲ್ಲವೆಂಬುದು ನನ್ನ ಪತ್ನಿ ಮೈಮೂನಳ ಮೂವತ್ತೆಂಟು ವರ್ಷಗಳ ದೂರು. ನಮ್ಮ ಲಾಯಿಲದಿಂದ ಬೆಳ್ತಂಗಡಿ ಪೇಟೆಗೆ ದೂರವೇನೂ ಇಲ್ಲ. ಆದರೆ ದಾರಿಯುದ್ದಕ್ಕೂ ನನ್ನ ಹಳೆಯ ವಿದ್ಯಾರ್ಥಿಗಳು. ಅವರು ಸಲಾಂ ಹೇಳಿದರೆ, ನಮಸ್ಕಾರ ಎಂದರೆ, ನಿವೃತ್ತ ಮಾಸ್ಟ್ರು ನಿಲ್ಲದೆ ಹೋಗುವುದುಂಟೇ?

ಆ ಭಾನುವಾರ ಅಳಿಯ ಇರ್ಷಾದನ ತಂದೆ ಯಾಕೂಬ್ ಹಾಜಿಯವರು ಮದುವೆಯ ನಂತರ ಮೊದಲ ಬಾರಿ ನಮ್ಮಲ್ಲಿ ಊಟಕ್ಕೆ ಬರುವವರಿದ್ದರು.

"ಬಿರಿಯಾನಿಗೆ ಪುದಿನ ಇಲ್ಲ. ನೀವು ಮಾತ್ರ ಹೋಗುವುದು ಬೇಡ ಮಾರಾಯ್ರೇ. ಹಾಜಿಯವರು ಉಂಡು ಕೈ ತೊಳೆಯುವಾಗ ಸೊಪ್ಪು ತರ್ತೀರಿ," ಎಂದಳು ಮೈಮೂನ.

"ಅರ್ಧ ಗಂಟೆಯಲ್ಲಿ ತರ್ತೇನೆ, ನೋಡು!" ಎಂದೆ.

ಇರ್ಷಾದ್ ದುಬೈಯಿಂದ ತಂದ ಹೊಸ ಟ್ರಯಥ್ಲಾನ್ ಸೈಕಲ್ ಗೋಡೆಗೆ ಒರಗಿತ್ತು. (ಈಜಿ, ಸೈಕಲ್ ತುಳಿದು, ಆಮೇಲೆ ಓಡುವ ಪಂದ್ಯವಂತೆ. ಮಳೆಗಾಲದಲ್ಲಿ ನಾವು ಶಾಲೆಗೆ ಹೋಗುತ್ತಿದ್ದುದೂ ಹಾಗೆಯೇ.) ಅದರ ಕೊಳವೆಗಳು ಮಾಂಜಿ ಮೀನಿನಂತೆ ಚಪ್ಪಟೆ. ಹಿಂದಿನ ಚಕ್ರಕ್ಕೆ ಕಡ್ಡಿಗಳೇ ಇಲ್ಲ, ಇಡೀ ತಟ್ಟೆ. ಬ್ರೇಕಿನ ತಂತಿ, ನೀರಿನ ಬಾಟಲಿ ಎಲ್ಲವೂ ಹೊಟ್ಟೆಯೊಳಗೆ. ಮುಂದೆ ಎರಡು ಕೊಂಬು.

"ಮೊಣಕೈ ಇಲ್ಲಿ ಊರಿ, ಕೊಂಬು ಹಿಡಿದು ಪೂರ್ತಿ ಬಗ್ಗಬೇಕು ಮಾವ. ಆಗ ಗಾಳಿಗೆ ನೀವು ಸಿಕ್ಕುವುದೇ ಇಲ್ಲ," ಎಂದ ಇರ್ಷಾದ್. ಮಾವ ಸೈಕಲ್ ಕೇಳಿದಾಗ ಇಲ್ಲವೆನ್ನಲು ಪಾಪ, ಅವನಿಗೆ ಬಾಯಿ ಬರಲಿಲ್ಲ. "ಆದ್ರೆ ಕೈ ಬಿಡ್ಬೇಡಿ, ಆಯ್ತಾ?"

ಹೊರಟೆ. ಆಹಾ, ಅದೆಂತಹ ವಾಯುವಿಜಯ! ಮೊದಲ ತಿರುವಿನಲ್ಲಿ ಯಾರೋ ಸಲಾಂ ಹೇಳಿದರು. ಉತ್ತರಿಸಲೆಂದು ಕೈ ಎತ್ತಿದೆ. ಸೈಕಲ್ ನೇರ ಚರಂಡಿಯ ಕಡೆಗೆ ಹೊರಟಿತು. ಮತ್ತೆ ಕೈ ಎತ್ತಲಿಲ್ಲ, ತಲೆ ಎತ್ತಲಿಲ್ಲ. ಉಸಿರು ಸಾಲದ್ದರಿಂದ ಬಾಯಿಯನ್ನೂ ತೆರೆಯಲಿಲ್ಲ.

ಇಪ್ಪತ್ತೆರಡೇ ನಿಮಿಷದಲ್ಲಿ ಪುದಿನ ಮೈಮೂನಳ ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ಫೋನಿತ್ತು.

"ನಿಮಗೆ ಎಂತ ಆಗಿದೆ? ಹಾಜಿಯವರು ಬಸ್ಸಿಳಿದು ನಡೆದು ಬರ್ತಾ ನಿಮಗೆ ಸಲಾಂ ಹೇಳಿದ್ರಂತೆ, ನೀವು ತಿರುಗಿಯೂ ನೋಡ್ಲಿಲ್ಲವಂತೆ! ಸಲಾಂ ಮರಳಿಸದವರ ಮನೆಯ ಊಟ ಬೇಡ ಅಂತ ವಾಪಸ್ ಹೋಗಿ ಬಸ್‌ಸ್ಟಾಪಿನಲ್ಲಿ ಕೂತಿದ್ದಾರೆ. ಅಲ್ಲಿ ಎದುರು ಮನೆಯ ಆಸ್ಯಮ್ಮ ನೋಡಿ ಫೋನ್ ಮಾಡಿದ್ರು."

ಬಾಗಿಲ ಬಳಿ ಮಗಳು ಸಜ್ನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಆ ಮನೆಯಲ್ಲಿ ಬಾಳಬೇಕಲ್ಲವೇ?

ಸೈಕಲ್ ಅಲ್ಲಿಯೇ ಬಿಟ್ಟು ಓಡಿದೆ. ಓಡುವಾಗ ತಿಳಿಯಿತು, ಬಗ್ಗಿದ ಬೆನ್ನು ನೆಟ್ಟಗಾಗಲು ಒಪ್ಪುತ್ತಿಲ್ಲ. ಕೈಗಳೂ ಕೊಂಬು ಹಿಡಿದ ಭಂಗಿಯಲ್ಲೇ ಎದೆಯ ಮುಂದೆ ಸೆಟೆದುಕೊಂಡಿದ್ದವು. ಹಾಗೆಯೇ ಹಾಜಿಯವರ ಮುಂದೆ ನಿಂತು, ಅವರ ಚಪ್ಪಲಿಗಳನ್ನು ನೋಡುತ್ತ, "ಅಸ್ಸಲಾಮು ಅಲೈಕುಂ," ಎಂದೆ.

ಹಾಜಿಯವರು ಗಡಬಡಿಸಿ ಎದ್ದರು. "ವ ಅಲೈಕುಮುಸ್ಸಲಾಂ! ಛೆ ಛೆ, ಎಂತ ಮಾಸ್ಟ್ರೇ ಇದು? ನೀವು ನನ್ನ ಮುಂದೆ ಇಷ್ಟು ಬಗ್ಗುವುದಾ? ನನ್ನದೇ ತಪ್ಪು. ಬನ್ನಿ, ಊಟಕ್ಕೆ ಹೋಗುವ."

ನಾನು ನಿಜ ಹೇಳಲಿಲ್ಲ. "ಸಾಕು, ನೆಟ್ಟಗಾಗಿ," ಎಂದು ಅವರು ದಾರಿಯುದ್ದಕ್ಕೂ ಬೇಡಿಕೊಂಡರು. ನಾನು ಬಗ್ಗಿಯೇ ನಡೆದೆ. ಇಂತಹ ವಿನಯವಂತ ಬೀಗರನ್ನು ಕಂಡಿಲ್ಲವೆಂದು ಅವರ ಕಣ್ಣು ಒದ್ದೆಯಾಯಿತು.

ಮನೆಯ ಮೆಟ್ಟಿಲಲ್ಲಿ ಮೈಮೂನ ನನ್ನನ್ನು ಒಮ್ಮೆ ನೋಡಿದಳು.

"ಹಾಜಿಯವರೇ, ನೀವು ಒಳಗೆ ಬನ್ನಿ, ಬಿರಿಯಾನಿ ತಯಾರುಂಟು. ಸಜ್ನಾ, ನಿನ್ನ ಬಾಪನ ಸೊಂಟ ಹಿಡಿದಿದೆ, ಚಾಪೆ ಹಾಸು. ಎಣ್ಣೆ ಬಿಸಿ ಮಾಡು. ಅವರಿಗೆ ಇವತ್ತು ಗಂಜಿ ಸಾಕು."