ಚಳಿಯಿಂದ ಶಾಖ ಎತ್ತುವ ಪಂಪು

ನಮ್ಮ ಚಿಕ್ಕಪ್ಪನಿಗೆ ಯಂತ್ರಗಳ ಜೊತೆ ಚೆನ್ನಾಗಿ ಮಾತಾಡಲು ಬರುತ್ತದೆ. ಮನುಷ್ಯರ ಜೊತೆ ಬರುವುದು ಜಗಳ ಮಾತ್ರ!

ಗುಬ್ಬಿಯಲ್ಲಿ ಮೂವತ್ತೈದು ವರ್ಷ ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ವೈಂಡಿಂಗ್ ಮಾಡಿ, ಈಗ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ ಕಟ್ಟಿ ಕೂತಿದ್ದಾರೆ. ಕೂತಿದ್ದಾರೆ ಅಂದೆನೇ? ಬೀದಿಯಲ್ಲಿ ಯಾರ ಮಿಕ್ಸಿ ಕೆಮ್ಮಿದರೂ ಟೆಸ್ಟರ್ ಹಿಡಿದು ಓಡುತ್ತಾರೆ. ಕರೆಯದಿದ್ದರೂ!

ಚಿಕ್ಕಮ್ಮನಿಗೆ ಕೀಲುನೋವು. ಚಳಿಗಾಲದ ಬೆಳಗ್ಗೆ ಬೆರಳು ಮರಗಟ್ಟಿ, ತಮ್ಮ ಜಡೆ ತಾವು ಹೆಣೆದುಕೊಳ್ಳಲು ಆಗುವುದಿಲ್ಲ. ಒಂದು ಚಳಿಗಾಲದ ದಿನ ಆ ಕೆಲಸವನ್ನು ಚಿಕ್ಕಪ್ಪ ವಹಿಸಿಕೊಂಡರು. ಕಾಯಿಲ್ ಸುತ್ತಿದ ಕೈ ನೋಡಿ! ಎಷ್ಟು ಬಿಗಿದರೆಂದರೆ, ಚಿಕ್ಕಮ್ಮನ ಹುಬ್ಬೆರಡೂ ಮೇಲೇರಿ, ಅವರು ದಿನವಿಡೀ ಆಶ್ಚರ್ಯಪಟ್ಟವರ ಹಾಗೇ ಓಡಾಡಿದರು.

"ರೀ, ಇದು ಜಡೆ. ಐದು ಎಚ್‌ಪಿ ಮೋಟಾರಲ್ಲ!"

ಚಿಕ್ಕಮ್ಮ ನಕ್ಕರು. ಕಣ್ಣಲ್ಲಿ ನೀರೂ ಇತ್ತು. ಜಡೆಯ ಬಿಗಿಗೋ, ಬೆರಳಿನ ಸೋಲಿಗೋ.

ಮರುದಿನವೇ ಚಿಕ್ಕಪ್ಪ ನನ್ನನ್ನು ಎಳೆದುಕೊಂಡು ಶಿರಾ ಗೇಟಿನ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ, ಕೋಣೆ ಬೆಚ್ಚಗಿಡುವ ಯಂತ್ರ ಕೇಳಿದರು. ಅಂಗಡಿಯವನು, "ಇದು ಹೀಟ್ ಪಂಪ್ ಎಸಿ ಸಾರ್" ಅಂದ. ಪಂಪ್ ಅಂದದ್ದೇ ತಡ, ಚಿಕ್ಕಪ್ಪನ ಮುಖ ಅರಳಿತು.

"ಎಷ್ಟಿಂಚು ಡೆಲಿವರಿ? ಎಷ್ಟಡಿಯಿಂದ ಎತ್ತುತ್ತೆ?"

"ನೀರಿನ ಪಂಪಲ್ಲ ಸಾರ್, ಶಾಖದ್ದು. ಮಾಮೂಲಿ ಸ್ಪ್ಲಿಟ್ ಎಸಿ ಒಳಗಿನ ಸೆಕೆ ಹೊರಗೆ ಹಾಕುತ್ತೆ, ಅಷ್ಟೆ. ಇದು ಚಳಿಗಾಲದಲ್ಲಿ ಹೊರಗಿನ ಶಾಖ ಒಳಗೂ ತರುತ್ತೆ."

"ಚಳೀಲಿ ಹೊರಗೆ ಶಾಖ ಎಲ್ಲೈತಪ್ಪಾ?"

ಅವನು ಉತ್ತರಕ್ಕಾಗಿ ಕ್ಯಾಟಲಾಗ್ ಮಗುಚುತ್ತಿದ್ದ. ಅಷ್ಟರಲ್ಲಿ ಚಿಕ್ಕಪ್ಪನೇ ತೊಡೆ ತಟ್ಟಿಕೊಂಡರು.

"ಐತೆ ಕಣ್ಲಾ! ಬೋರಲ್ಲಿ ನೀರು ಮೇಲೇ ಕಾಣ್ತದಾ? ಚಳಿಗಾಳೀಲೂ ಅಷ್ಟೋ ಇಷ್ಟೋ ಶಾಖ ಇರ್ತದೆ. ರೂಮ್ ಹೀಟರ್ರು ಕರೆಂಟ್ ಸುಟ್ಟು ಶಾಖ ಹುಟ್ಟಿಸ್ತದೆ. ಪಂಪು ಹುಟ್ಟಿಸಲ್ಲ, ಇರೋದನ್ನ ಎತ್ತಿ ತರ್ತದೆ. ಅದಕ್ಕೇ ಕರೆಂಟ್ ಕಮ್ಮಿ! ಬೇಸಿಗೇಲಿ ಹೊರಗೆ, ಚಳೀಲಿ ಒಳಗೆ ಅಂತ ಶಾಖದ ದಾರಿ ತಿರುಗ್ಸೋಕೆ ಒಳಗೊಂದು ವಾಲ್ವ್ ಇರಬೇಕಲ್ಲ?"

"ಇದೆ ಸಾರ್. ಮಾಮೂಲಿ ಎಸೀಲಿ ಅದೇ ಇರಲ್ಲ."

"ಅಷ್ಟೇ ವ್ಯತ್ಯಾಸ, ಬುಡು!"

ಅಂಗಡಿಯವನು ಬೆವರು ಒರೆಸಿಕೊಂಡು ಕೇಳಿದ: "ಸಾರ್, ಭಾನುವಾರ ಫ್ರೀ ಇದೀರಾ? ಗಿರಾಕಿಗಳಿಗೂ ಹೀಗೇ ಬಿಡಿಸಿ ಹೇಳಬೇಕಿತ್ತು."

ಎಸಿ ಬಂತು. ಅದನ್ನು ನೋಡಲು ಕುಣಿಗಲ್‌ನಿಂದ ಬೀಗರೂ ಬಂದರು. ಹಿತ್ತಲಲ್ಲಿ ಹೊರಗಿನ ಯೂನಿಟ್ ಮುಂದೆ ನಿಂತು ಗಾಬರಿಯಾದರು.

"ಬೀಗರೇ, ಉಲ್ಟಾ ಫಿಟ್ ಮಾಡವ್ರೆ! ತಣ್ಣನೆ ಗಾಳಿ ಬೀದಿಗೆ ಹೋಯ್ತಾ ಐತೆ!"

"ಸರಿಯಾಗೇ ಐತೆ. ಶಾಖ ಹಿಂಡಿಕೊಂಡ ಮೇಲೆ ಉಳಿಯೋ ಚರಟ ಅದು."

"ಅಲ್ರೀ, ತುಮಕೂರಲ್ಲೇನು ಹಿಮ ಬೀಳ್ತದಾ? ಈ ಊರಿಗ್ಯಾಕೆ ಬಿಸಿ ಎಸಿ?"

"ಊರಿಗಲ್ಲ, ನಮ್ಮವಳ ಬೆರಳಿಗೆ!"

ಬೀಗರು ಕಾಫಿ ಕೇಳಿದರು.

ಮೊನ್ನೆ ಡಿಸೆಂಬರಿನ ಒಂದು ಬೆಳಗ್ಗೆ ಹೋದೆ. ಮಂಜು ಇನ್ನೂ ಕರಗಿರಲಿಲ್ಲ. ಚಿಕ್ಕಪ್ಪ ಮಂಕಿ ಕ್ಯಾಪ್ ಹಾಕಿ ಹಿತ್ತಲಲ್ಲಿ ನಡುಗುತ್ತಾ ಕುಕ್ಕರುಗಾಲಲ್ಲಿ ಕೂತಿದ್ದಾರೆ, ಯೂನಿಟ್ಟಿಗೆ ಅಂಗೈ ಒಡ್ಡಿಕೊಂಡು!

"ಒಳಗೆ ಬೆಚ್ಚಗಿಲ್ವಾ ಚಿಕ್ಕಪ್ಪ?"

"ಐತೆ ಕಣೋ. ಆದ್ರೆ ಪಕ್ಕದಲ್ಲಿದ್ರೆ ನನ್ನ ಕೈ ಸುಮ್ಕಿರಲ್ಲ, ಬಾಚಣಿಗೆ ಕಿತ್ಕತೀನಿ. ಅವಳಿಗೆ ಬೇಜಾರಾಯ್ತದೆ." ನನ್ನ ಕೈ ಎಳೆದು ಗಾಳಿಗೆ ಹಿಡಿದರು. "ನೋಡು, ಎಷ್ಟು ತಣ್ಣಗೈತೆ! ಇಲ್ಲಿ ಇಷ್ಟು ತಣ್ಣಗಿದ್ರೆ, ಅಲ್ಲಿ ಅವಳ ಬೆರಳು ಬಿಸಿಯಾಗ್ತಾ ಐತೆ ಅಂತ."

ಕಿಟಕಿಯಲ್ಲಿ ಚಿಕ್ಕಮ್ಮ ಕಂಡರು. ಜಡೆ ಅರ್ಧಕ್ಕೆ ಬಂದಿತ್ತು. ನಿಧಾನವಾಗಿ, ಒಂದೊಂದೇ ಎಳೆ ಎತ್ತಿ ಹೆಣೆಯುತ್ತಿದ್ದರು. ಜಡೆ ತುದಿ ಮುಟ್ಟುವವರೆಗೂ ಚಿಕ್ಕಪ್ಪ ಆ ಗಾಳಿಯಿಂದ ತಮ್ಮ ಕೈ ತೆಗೆಯಲಿಲ್ಲ.